ಶನಿವಾರದವಳು

ಬಳೆ ಏರಲಿಲ್ಲ. ಹೆಬ್ಬೆರಳಿನ ಗೆಣ್ಣಿನವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

"ಸೋಪ್ ನೀರು ಹಾಕ್ಲಾ ಆಂಟಿ?" ಕನ್ನಡ ಸಂಘದ ವಿನಿತಾ ಹೆಣದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. "ಕೈ ಊದ್ಕೊಂಡಿದೆ. ಇವಳದು ಮೊದಲೇ ದೊಡ್ಡ ಕೈ."

"ಏನಾದ್ರೂ ಹಾಕು. ಮುತ್ತೈದೆ ಬರಿಗೈಯಲ್ಲಿ ಹೋಗಬಾರದು," ಎಂದರು ಕೌಸಲ್ಯಾ. ವಾಕರಿನ ಮೇಲೆ ಭಾರ ಹಾಕಿ ನಿಂತಿದ್ದ ಅವರ ಕಣ್ಣು ಸೊಸೆಯ ಮುಖದ ಮೇಲಿರಲಿಲ್ಲ, ಗೋಡೆಯ ಗಡಿಯಾರದ ಮೇಲಿತ್ತು. "ಬೇಗ ಆಗಲಿ. ಹನ್ನೆರಡಕ್ಕೆ ರಾಹುಕಾಲ ಮುಗಿಯುತ್ತೆ. ಆಮೇಲೆ ತಡ ಮಾಡೋ ಹಾಗಿಲ್ಲ."

ವಿನಿತಾ ಒತ್ತಿದಳು. ಎರಡು ಬಳೆ ಒಡೆದು ಹಸಿರು ಗಾಜು ಸ್ಟೀಲ್ ಮೇಜಿನ ಮೇಲೆ ಚೆಲ್ಲಿತು. ಕೊನೆಗೆ ಉಳಿದವನ್ನು ಅರಿಶಿನದ ದಾರಕ್ಕೆ ಪೋಣಿಸಿ ಮಣಿಕಟ್ಟಿಗೆ ಕಟ್ಟಿದರು. ಕೌಸಲ್ಯಾ ಅದನ್ನು ನೋಡಿ, ಹೋಗಲಿ, ಲೆಕ್ಕಕ್ಕೆ ಆಯಿತು ಎಂದರು.

ಸತ್ತವಳ ಹೆಸರು ಆಮಾ. ಆ ಕೋಣೆಯಲ್ಲಿ ಅದನ್ನು ಯಾರೂ ಎತ್ತಿರಲಿಲ್ಲ, ಎತ್ತುವವರೂ ಇರಲಿಲ್ಲ, ಹಾಗಾಗಿ ಇಲ್ಲೇ ಹೇಳಿಬಿಡುವುದು ವಾಸಿ. ಘಾನಾ ದೇಶದ ಕುಮಾಸಿಯವಳು, ಅಕಾನ್ ಜನ. ಅವರಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರದ ಹೆಸರು ಅದಕ್ಕೆ ತಾನಾಗಿ ಬಂದುಬಿಡುತ್ತದೆ. ತೊಟ್ಟಿಲು ಕಟ್ಟಿ ಕಿವಿಯಲ್ಲಿ ಕೂಗಬೇಕಾಗಿಲ್ಲ. ಭಾನುವಾರದ ಹುಡುಗಿ ಅಕೋಸುವಾ, ಮಂಗಳವಾರದವಳು ಅಬೆನಾ, ಗುರುವಾರದವಳು ಯಾ, ಶನಿವಾರದವಳು ಆಮಾ. ಶನಿವಾರ ಅವರಿಗೆ ದೇವರ ವಾರ. ಅದೇ ವಾರ ನಮ್ಮಲ್ಲಿ ಯಾರ ಪಾಲಿಗೆ ಹೋಗಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ವಾರೆನ್ ಎಂಬ ಊರಿನಲ್ಲಿ ಕಾರು ಎಂಜಿನಿಯರ್ ಆಗಿರುವ ಸಾಕೇತನಿಗೆ ಅವಳು ಹದಿನೆಂಟು ವರ್ಷ ಹೆಂಡತಿಯಾಗಿದ್ದಳು. ಆನ್ ಆರ್ಬರಿನ ಆಸ್ಪತ್ರೆಯಲ್ಲಿ ಉಸಿರು ಸಿಕ್ಕಿಕೊಂಡವರಿಗೆ ಯಂತ್ರ ಹಚ್ಚಿ ಉಸಿರು ಕೊಡುವ ಕೆಲಸ ಮಾಡುತ್ತಿದ್ದಳು. ನಲವತ್ತಾರನೇ ವಯಸ್ಸಿಗೆ, ಹೊಟ್ಟೆಯ ಕ್ಯಾನ್ಸರ್ ಬಂದು, ಮಂಗಳವಾರ ಸಂಜೆ ಸತ್ತಳು. ಇವತ್ತು ಶುಕ್ರವಾರ.

ಸಾಯುವ ಮೊದಲು ಗಂಡನನ್ನು ಅವಳು ಕೇಳಿದ್ದು ಇಷ್ಟೇ. "ಸುಟ್ಟರೂ ಸರಿ, ಹೂಳಿದ್ರೂ ಸರಿ ಸಾಕೇತ್. ನಿಮ್ಮ ಪದ್ಧತಿ ಹೇಗೋ ಹಾಗೆ ಮಾಡಿ. ಆದ್ರೆ ಶನಿವಾರ ಕಳಿಸು. ಬಂದ ವಾರಾನೇ ಹೋಗ್ಬೇಕು ನಾನು. ಅಕ್ಕ ಬಂದು ಸ್ನಾನ ಮಾಡಿಸ್ಲಿ. ಅಷ್ಟೇ." ಸಾಕೇತ್ ಅವಳ ಕೈ ಹಿಡಿದು, ಆಯಿತು ಎಂದಿದ್ದ. ಆಯಿತು ಎನ್ನುವುದು ಅವನಿಗೆ ಎಂದೂ ಕಷ್ಟವಾದದ್ದಿಲ್ಲ.

ಅಕ್ಕನೆಂದರೆ ಅಕೋಸುವಾ. ದೂರದ ಡೆಸ್ ಪ್ಲೇನ್ಸ್ ಊರಿನಲ್ಲಿ, ಏರ್‌ಪೋರ್ಟ್ ಪಕ್ಕದ ಗೋದಾಮಿನಲ್ಲಿ ಪಾರ್ಸೆಲ್ ಕೆಲಸ. ತಾಯಿ ಸತ್ತ ಮೇಲೆ ಆಮಾಳನ್ನು ಬೆಳೆಸಿದವಳು, ಅಮೆರಿಕಕ್ಕೆ ಕರೆಸಿಕೊಂಡವಳು, ಓದಿಸಿದವಳು ಎಲ್ಲ ಅವಳೇ. ಬುಧವಾರ ಫೋನಿನಲ್ಲಿ ಸಾಕೇತ್ ಅವಳಿಗೂ ಆಯಿತು ಎಂದ. ಶನಿವಾರ, ಹತ್ತು ಗಂಟೆಗೆ. ಅವಳು ತನ್ನ ಚರ್ಚಿನವರನ್ನೆಲ್ಲ ಸೇರಿಸಿ ಒಂದು ಬಸ್ಸು ಗೊತ್ತು ಮಾಡಿದಳು. ಗುರುವಾರ ಬೆಳಿಗ್ಗೆ ಕೌಸಲ್ಯಾ ವಿಷಯ ತಿಳಿದು ತುತ್ತು ಬಾಯಿಗಿಡದೆ ಕೂತರು. ಮಧ್ಯಾಹ್ನಕ್ಕೆ ಸಾಕೇತ್ ತಾಯಿಗೂ ಆಯಿತು ಎಂದ. ಶುಕ್ರವಾರ, ಒಂದು ಗಂಟೆಗೆ.

ಅಕೋಸುವಾಗೆ ಹೇಳಬೇಕಿತ್ತು. ಹೇಳುತ್ತೇನೆ, ಹೇಳುತ್ತೇನೆ ಎಂದುಕೊಂಡೇ ಗುರುವಾರ ಕಳೆಯಿತು.

*

ಸಾಕೇತ್, ಆಮಾ ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಆಸ್ಪತ್ರೆಯಲ್ಲೇ. ಅವನು ಆಗ ಆನ್ ಆರ್ಬರಿನಲ್ಲಿ ಓದುತ್ತಿದ್ದ. ಒಂದು ಚಳಿಗಾಲ ಅಸ್ತಮಾ ಜೋರಾಗಿ, ಉಸಿರಿಗೆ ಒದ್ದಾಡುತ್ತ ಬಂದು ಬಿದ್ದ. ಅವನ ಮುಖಕ್ಕೆ ಮಾಸ್ಕ್ ಹಾಕಿದ ಹುಡುಗಿ, ಗಾಬರಿ ಇಳಿಸಲೆಂದು, ನೀನು ಯಾವ ವಾರ ಹುಟ್ಟಿದ್ದು ಎಂದು ಕೇಳಿದಳು. ಅವನಿಗೆ ನಕ್ಷತ್ರ ಗೊತ್ತಿತ್ತು, ವಾರ ಗೊತ್ತಿರಲಿಲ್ಲ. ಅವಳೇ ಕಂಪ್ಯೂಟರಿನಲ್ಲಿ ತಾರೀಖು ಹುಡುಕಿ ಬಂದು, "ಶುಕ್ರವಾರ. ನೀನು ಕೋಫಿ," ಎಂದಳು. ಮುಂದೆ ಅವಳ ಬಾಯಲ್ಲಿ ಅವನು ಕೋಫಿಯೇ ಆದ.

ಮದುವೆಗೆ ಮೊದಲು ಮೈಸೂರಿನಿಂದ ಬಂದ ಕೌಸಲ್ಯಾ, ಊಟಕ್ಕೆ ಕೂತಾಗ, ಹೆಸರಿಗೆ ಅರ್ಥ ಏನಮ್ಮ ಎಂದು ಕೇಳಿದರು. ಕನ್ನಡವನ್ನು ಆಗಲೇ ತಿಂಗಳುಗಟ್ಟಲೆ ಕಲಿತಿದ್ದ ಆಮಾ, ತಪ್ಪಿಲ್ಲದೆ, ಹೆಮ್ಮೆಯಿಂದ ಹೇಳಿದಳು: "ಶನಿವಾರ ಹುಟ್ಟಿದವಳು."

ಕೌಸಲ್ಯಾರ ಕೈ ತಟ್ಟೆಯಲ್ಲೇ ನಿಂತಿತು. ಮೂರ್ಖ ಹೆಂಗಸಲ್ಲ ಆಕೆ, ಫಿಸಿಕ್ಸ್ ಓದಿದವರು. ಆದರೆ ಒಂಬತ್ತು ವರ್ಷದವರಿದ್ದಾಗ ಅವರ ಅಪ್ಪನ ಹೆಣ ಶನಿವಾರ ಎದ್ದಿತ್ತು, ಉತ್ತರಕ್ರಿಯೆ ಮುಗಿಯುವ ಮೊದಲೇ ತೊಡೆಯ ಮೇಲೆ ಆಡುತ್ತಿದ್ದ ತಮ್ಮ ಜ್ವರದಲ್ಲಿ ಹೋಗಿದ್ದ. ಶನಿವಾರದ ಹೆಣ ಒಂಟಿಯಾಗಿ ಹೋಗಲ್ಲ, ಜೊತೆ ಕೇಳುತ್ತೆ. ಅದು ಅವರಿಗೆ ಯಾರೋ ಹೇಳಿದ ಮಾತಲ್ಲ, ಮನೆಯಲ್ಲಿ ಆದ ಸಂಗತಿ. ಓದು ಅದರ ಹತ್ತಿರಕ್ಕೂ ಸುಳಿಯಲಿಲ್ಲ.

ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಸೊಸೆಗೆ ಹೊಸ ಹೆಸರು ಬರೆಸಿದರು. ಗೌರಿ. ಗೌರಿ ಎಂದರೆ ಬೆಳ್ಳಗಿರುವವಳು ಎಂದು ಗೊತ್ತಿದ್ದವರು ಆ ಕಪ್ಪು ಹುಡುಗಿಯನ್ನು ನೋಡಿ ಸೆರಗಿನ ಮರೆಯಲ್ಲಿ ನಕ್ಕರು. ಆಮಾಳೂ ನಕ್ಕಳು, ಅವರೆಲ್ಲ ಖುಷಿಗೆ ನಗುತ್ತಿದ್ದಾರೆ ಎಂದುಕೊಂಡು. ಅರ್ಥ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಸಂಘದ ಕನ್ನಡ ಕ್ಲಾಸಿನಲ್ಲಿ, ಮಕ್ಕಳ ಬಾಯಿಂದ. ಅಷ್ಟು ಹೊತ್ತಿಗೆ ಆ ಹೆಸರಿಗೆ ಓಗೊಟ್ಟು ಓಗೊಟ್ಟು ರೂಢಿಯಾಗಿಹೋಗಿತ್ತು. ಕೌಸಲ್ಯಾ ಸೊಂಟದ ಮೂಳೆ ಮುರಿದುಕೊಂಡು ಮಲಗಿದ ವರ್ಷ, "ಗೌರೀ" ಎಂದು ಕೂಗಿದಾಗಲೆಲ್ಲ ಬೆಡ್‌ಪ್ಯಾನ್ ಹಿಡಿದು ಬಂದವಳು ಅವಳೇ.

*

ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮಿನ ಹಾಲಿನಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಎಲ್ಲ ವ್ಯವಸ್ಥೆ ಜಗನ್ನಾಥ ಅವರದು. ಸಂಘದಲ್ಲಿ ಯಾರೇ ಸತ್ತರೂ ಆಂಬುಲೆನ್ಸ್ ನಂತರದ ಫೋನು ಹೋಗುವುದು ಅವರಿಗೇ.

"ನನಗೆ ಗೌರಿ ಕ್ವಬೆನಾ ಅಂತಿದ್ರು ಕಣ್ರೀ," ಎಂದು ಅವರು ಪಕ್ಕದ ಕುರ್ಚಿಯವರಿಗೆ ಹೇಳುತ್ತಿದ್ದರು. "ಡೇಟ್ ಆಫ್ ಬರ್ತ್ ಕೇಳಿ, ಫೋನ್‌ನಲ್ಲಿ ನೋಡಿ, ಮಂಗಳವಾರ ಅಂಕಲ್ ನೀವು ಅಂದ್ರು. ಸಂಘದಲ್ಲಿ ಒಬ್ಬರನ್ನೂ ಬಿಡಲಿಲ್ಲ, ಎಲ್ಲರಿಗೂ ಒಂದೊಂದು ಹೆಸರು ಹಚ್ಚಿದ್ರು. ಏನೇ ಹೇಳಿ, ಪುಣ್ಯವಂತೆ. ಗಂಡನ ಮುಂದೆ ಹೋದ್ರು."

"ನಲವತ್ತಾರಕ್ಕ ಸಾಯೂದು ಅದ್ಯಾವ ಪುಣ್ಯಾರೀ?" ಎಂದ ಗದಿಗೆಪ್ಪ. ಸಾಕೇತನ ಆಫೀಸಿನವನು, ಕಿತ್ತೂರಿನ ಕಡೆಯವನು, ಮಾತು ಒರಟು. "ತಂಗಿ ಹೇಳ್ತಿದ್ಲು, ಅವರ ಸೀಮ್ಯಾಗ ಒಬ್ಬಾಕಿ ಇದ್ಲಂತ, ಯಾ ಅಸಂತೆವಾ ಅಂತ. ಬ್ರಿಟಿಷರು ರಾಜನ ಬಂಗಾರದ ಪೀಠ ಕೇಳಿದಾಗ ಗಂಡಸರೆಲ್ಲ ತೆಪ್ಪಗ ಕುಂತ್ರು, ಈಕಿ ಎದ್ದು ದಂಡು ಕಟ್ಟಿದ್ಲು. ನಮ್ಮ ಚೆನ್ನಮ್ಮನೂ ಹಂಗ ಅಂದೆ ನಾ. ಹೌದಾ, ಆಕಿ ಯಾವ ವಾರ ಹುಟ್ಟಿದ್ಲು ಅಂತ ಕೇಳಿದ್ಲು. ನಂಗೇನ್ ಗೊತ್ತು? ಕಡಿತನಕ ಬಿಡಲಿಲ್ಲ. ಆಸ್ಪತ್ರ್ಯಾಗ ನೋಡಾಕ ಹೋದಾಗನೂ, ಪತ್ತೆ ಹಚ್ಚಿದ್ರೇನು ಗದಿಗೆಪ್ಪಣ್ಣ ಅಂದ್ಲು." ಅಷ್ಟು ಹೇಳಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡ.

ಹದಿನೈದು ವರ್ಷದ ಆಶ್ರಿತಾ, ಆಮಾಳ ಒಬ್ಬಳೇ ಮಗಳು, ಅಪ್ಪನ ಹತ್ತಿರ ಬಂದು ನಿಂತಳು.

"ಆಂಟಿ ಎಲ್ಲಿ? ಯು ಸೆಡ್ ಶಿ ನೋಸ್."

"ಹೇಳಿದೀನಿ ಪುಟ್ಟಾ. ಅವರಿಗೆ ರಜ ಸಿಗಲಿಲ್ಲ. ನಾಳೆ ಮನೆಗೆ ಬರ್ತಾರೆ."

ಅಮ್ಮ ಸತ್ತಿರುವಾಗ ಅಮ್ಮನ ಅಕ್ಕನಿಗೆ ರಜ ಸಿಗಲಿಲ್ಲವೆಂಬ ಮಾತನ್ನು ನಂಬುವಷ್ಟು ಚಿಕ್ಕವಳಲ್ಲ ಅವಳು. ಫೋನು ಹಿಡಿದು ರೆಸ್ಟ್‌ರೂಮಿನ ಕಡೆ ನಡೆದಳು.

*

ಆಶ್ರಿತಾ ಹುಟ್ಟಿದ್ದು ಗುರುವಾರ. ಹುಟ್ಟಿದ್ದು ಎನ್ನುವುದಕ್ಕಿಂತ ಗುರುವಾರ ತೆಗೆದದ್ದು ಎನ್ನಬೇಕು.

ದಿನ ತುಂಬಿತ್ತು, ನೋವು ಬಂದಿರಲಿಲ್ಲ. ಡಾಕ್ಟರು ಇನ್ನೊಂದು ವಾರ ಕಾಯಬಹುದು ಎಂದಿದ್ದರು. ಆಮಾಳಿಗೆ ಆ ಕಾಯುವುದರಲ್ಲೇ ಖುಷಿ. ಯಾವ ವಾರ ಬರ್ತೀಯೋ ಬಾ ಎಂದು ಹೊಟ್ಟೆಯ ಜೊತೆ ಮಾತಾಡುತ್ತ ಮನೆಯೆಲ್ಲ ಓಡಾಡುತ್ತಿದ್ದಳು. ಅವಳ ಜನಕ್ಕೆ ವಾರವೆಂದರೆ ಕ್ಯಾಲೆಂಡರಿನ ಚೌಕವಲ್ಲ, ಜೀವ ತಾನೇ ಆರಿಸಿಕೊಂಡು ಬರುವ ಬಾಗಿಲು. ಇತ್ತ ಕೌಸಲ್ಯಾ ಮೈಸೂರಿನ ಜೋಯಿಸರಿಗೆ ಫೋನು ಹಚ್ಚಿದರು. ಒಂದು ಮನೆಯಲ್ಲಿ ಎರಡು ಶನಿವಾರ ಬೇಡ ಎಂಬುದು ಅವರ ಒಂದೇ ಹಟ. ಗುರುವಾರ ಬೆಳಿಗ್ಗೆ ಒಳ್ಳೆ ಮುಹೂರ್ತವಿತ್ತು.

ಸಾಕೇತ್ ಡಾಕ್ಟರ ಹತ್ತಿರ ತಾನೇ ಹೋಗಿ, ಆಪರೇಷನ್ ಮಾಡಿಬಿಡಬಹುದೇ ಎಂದು ಕೇಳಿದ. ಬೇಕಿದ್ದರೆ ಮಾಡಬಹುದು ಎಂದರು. ಮನೆಗೆ ಬಂದು ಅದನ್ನೇ ತಿರುಗಿಸಿ ಹೇಳಿದ: "ಮಗು ದೊಡ್ಡದಿದೆಯಂತೆ. ಕಾಯೋದು ಬೇಡ ಅಂತಿದಾರೆ ಡಾಕ್ಟರ್." ಆಮಾ ನಂಬಿದಳು. ಗಂಡನ ಮಾತು, ನಂಬದೆ ಏನು ಮಾಡುತ್ತಾಳೆ?

ನಾಮಕರಣದ ದಿನ ಕೌಸಲ್ಯಾ ಬಂದವರಿಗೆಲ್ಲ ಸಂಭ್ರಮದಿಂದ ಹೇಳುತ್ತಿದ್ದರು, "ಜೋಯಿಸರು ಇಟ್ಟುಕೊಟ್ಟ ಮುಹೂರ್ತ. ಸಾಕೇತ್ ಡಾಕ್ಟರ್‌ಗೆ ಹೇಳಿ ಸರಿಯಾಗಿ ಅದೇ ಗಳಿಗೆಗೆ ತೆಗೆಸಿದ." ಕೋಸಂಬರಿಯ ಪಾತ್ರೆ ಹಿಡಿದು ಬಂದ ಆಮಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಎಲ್ಲರಿಗೂ ಬಡಿಸಿದಳು. ಜನ ಹೋದ ಮೇಲೆ ಗಂಡನ ಎದುರು ಬಂದು ಕೂತಳು.

"ಬರೋ ವಾರ ಮಗು ತಾನೇ ಆರಿಸ್ಕೋಬೇಕು ಕೋಫಿ. ಅದೊಂದೇ ಅದರ ಸ್ವಂತದ್ದು. ಅದನ್ನೂ ಕಿತ್ಕೊಂಡ್ರಿ."

"ಅಮ್ಮನ ಸಮಾಧಾನಕ್ಕೆ..." ಎಂದ ಅವನು.

ಅದೇ ಕೊನೆ. ಮತ್ತೆ ಅವನನ್ನು ಅವಳು ಕೋಫಿ ಎಂದು ಕರೆಯಲಿಲ್ಲ. ಜಗಳವಾಡಲಿಲ್ಲ, ಅಳಲಿಲ್ಲ, ಅಡಿಗೆ, ಕೆಲಸ, ಕಾರು, ಹಬ್ಬ ಯಾವುದೂ ನಿಲ್ಲಲಿಲ್ಲ. ಬರೀ ಸಾಕೇತ್ ಎನ್ನತೊಡಗಿದಳು, ಆಫೀಸಿನವರು ಕರೆಯುವ ಹಾಗೆ. ಮಗಳಿಗೆ ಮಾತ್ರ ಗುರುವಾರದ ಮಹಿಮೆಯನ್ನು ಕಟ್ಟಿ ಕಟ್ಟಿ ಹೇಳಿದಳು. ನೀನು ಯಾ, ದಂಡು ಕಟ್ಟಿದವಳ ಹೆಸರು ನಿನ್ನದು ಎಂದಳು. ಯಾ ಎಂಬ ಹೆಸರಿನವರು, ಡಾಕ್ಟರಾದವರು, ಜಡ್ಜ್ ಆದವರು, ಓಟದಲ್ಲಿ ಗೆದ್ದವರು, ಒಬ್ಬೊಬ್ಬರನ್ನೇ ಹುಡುಕಿ ತಂದು ಮಲಗುವ ಹೊತ್ತಿಗೆ ಕತೆ ಹೇಳಿದಳು. ಕದ್ದ ವಾರಕ್ಕೂ ಒಂದು ಮಾನ ಕೊಡಬೇಕೆಂದು ಅವಳು ಪಟ್ಟ ಪಾಡು ಅದು.

*

"ಐ ಕಾಲ್ಡ್ ಆಂಟಿ," ಎಂದಳು ಆಶ್ರಿತಾ, ಹಾಲಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ. "ಅವರಿಗೆ ಗೊತ್ತೇ ಇರಲಿಲ್ಲ. ಶಿ ಈಸ್ ಡ್ರೈವಿಂಗ್ ನೌ. ಅಪ್ಪಾ, ವೀ ಹ್ಯಾವ್ ಟು ವೇಟ್."

ಸಾಕೇತನ ಕಿವಿಯವರೆಗೆ ರಕ್ತ ಏರಿತು.

"ಮುನ್ನೂರು ಮೈಲಿ ಪುಟ್ಟಾ," ಎಂದರು ಜಗನ್ನಾಥ. "ಬರೋ ಹೊತ್ತಿಗೆ ಆರು ಗಂಟೆ ಆಗುತ್ತೆ. ಮೂರಕ್ಕೆ ಇಲ್ಲಿ ಇನ್ಯಾರದೋ ಇದೆಯಂತೆ, ನಮ್ಮ ಸ್ಲಾಟ್ ಅಷ್ಟೇ."

"ಹಾಲ್ ಬಿಟ್ಟು ಕೊಡೂಣು, ಹೊರಗ ನಿಂದ್ರೂಣು," ಎಂದ ಗದಿಗೆಪ್ಪ. "ಒಡಹುಟ್ಟಿದಾಕಿ ಬರಾಕತ್ಯಾಳ ಅಂದ್ರ ಕಾಯಬೇಕಲ್ರೀ. ಹೆಣಕ್ಕ ಏನು ಗಡಿಬಿಡಿ ಐತಿ?"

"ಕಾದ್ರೆ ಇವತ್ತಿನ ಕೆಲಸ ಮುಗೀತು ಅಂತ ಬಾಗಿಲು ಹಾಕ್ತಾರೆ," ಎಂದರು ಕೌಸಲ್ಯಾ. "ನಾಳೆ ಬನ್ನಿ ಅಂತಾರೆ. ನಾಳೆ ಯಾವ ವಾರ? ಹೇಳಪ್ಪ. ಅವಳು ಹುಟ್ಟಿದ್ದೂ ಶನಿವಾರ, ಹೋಗೋದೂ ಶನಿವಾರ ಅಂದ್ರೆ ಏನು ಗತಿ? ಜೊತೆಗೆ ನನ್ನನ್ನ ಕೇಳಿದ್ರೆ ಈಗ್ಲೇ ಎದ್ದು ಹೋಗ್ತೀನಿ, ಈ ಮುದುಕಿ ಯಾರಿಗೆ ಬೇಕು? ಇವಳನ್ನ ಕೇಳಿದ್ರೆ?" ಎಂದು ಮೊಮ್ಮಗಳ ತೋಳು ಹಿಡಿದರು. ಹಿಡಿದ ಕೈಯನ್ನು ಬಿಡಲಿಲ್ಲ.

"ಇಟ್ಸ್ ಜಸ್ಟ್ ಎ ಡೇ, ಅಜ್ಜಿ," ಎಂದಳು ಆಶ್ರಿತಾ. ಆಮೇಲೆ ಅಪ್ಪನ ಕಡೆ ತಿರುಗಿ, ಕನ್ನಡದಲ್ಲಿ, "ಅಮ್ಮ ಕೇಳಿದ್ದು ಇದೊಂದೇ ಅಪ್ಪಾ," ಎಂದಳು.

ಅತ್ತ ದರಿ, ಇತ್ತ ಪುಲಿ ಎಂದುಕೊಂಡಿರಬೇಕು ಸಾಕೇತ್. ಹುಲಿಯೂ ಇರಲಿಲ್ಲ, ದರಿಯೂ ಇರಲಿಲ್ಲ; ಒಬ್ಬ ಹೆದರಿದ ತಾಯಿ ಇದ್ದರು, ಒಬ್ಬ ಸತ್ತ ಹೆಂಡತಿ ಇದ್ದಳು. ಸತ್ತವಳು ಊಟ ಬಿಟ್ಟು ಕೂರುವುದಿಲ್ಲ. ಅವನು ಪುರೋಹಿತರ ಕಡೆ ನೋಡಿ, "ಶುರು ಮಾಡಿ," ಎಂದ.

ಪುರೋಹಿತರು ಶುರು ಮಾಡಿದರು. ಗೌರಿ ಎಂದೇ ಹೇಳಿಕೊಟ್ಟರು, ಸಾಕೇತ್ ಗೌರಿ ಎಂದೇ ಹೇಳಿದ. ಬಾಯಿಗೆ ಅಕ್ಕಿ ಹಾಕಿದರು. ಹೆಂಗಸರು ಸಾಲಾಗಿ ಬಂದು ಮುತ್ತೈದೆಯ ಕಾಲಿಗೆ ನಮಸ್ಕಾರ ಮಾಡಿದರು. ಅವಳಿದ್ದಾಗ ಅವಳು ತಂದ ಪಾಯಸವನ್ನು ಮುಟ್ಟದೆ ಪಕ್ಕಕ್ಕಿಡುತ್ತಿದ್ದವರೂ ಮಾಡಿದರು. ಆಶ್ರಿತಾ ಅಮ್ಮನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಲು ಹೋದಾಗ, ಕಣ್ಣೀರು ಹೆಣದ ಮೇಲೆ ಬೀಳಬಾರದು ಎಂದು ಯಾರೋ ಅವಳನ್ನು ಹಿಂದಕ್ಕೆಳೆದರು.

ಹಾಲಿ​ನ ಹಿಂದೆಯೇ ಕುಲುಮೆಯ ಕೋಣೆ. ಪೆಟ್ಟಿಗೆಯನ್ನು ಉರುಳೆಗಳ ಮೇಲೆ ಒಳಕ್ಕೆ ತಳ್ಳಿದರು, ಕಬ್ಬಿಣದ ಬಾಗಿಲು ಇಳಿಯಿತು. ಮ್ಯಾನೇಜರ್ ತೋರಿಸಿದ ಹಸಿರು ಗುಂಡಿಯನ್ನು ಸಾಕೇತ್ ಒತ್ತಿದ. ಒಳಗೆ ಏನೋ ಗೊರ್ರೆಂದಿತು. ಎಲ್ಲರೂ ಕೈ ಮುಗಿದರು. ಕೌಸಲ್ಯಾ ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ಕೂತು, ನೀರು ಕೇಳಿ ಕುಡಿದರು.

*

ಮನೆಗೆ ಬಂದು ಎಲ್ಲರ ಸ್ನಾನವಾಯಿತು. ವಿನಿತಾ ತಂದಿಟ್ಟ ಅನ್ನ, ಬೇಳೆ ಸಾರನ್ನು ಕೌಸಲ್ಯಾ ಹೊಟ್ಟೆ ತುಂಬ ಉಂಡರು. ಆಶ್ರಿತಾ ತನ್ನ ರೂಮಿನ ಬಾಗಿಲು ಹಾಕಿಕೊಂಡಳು.

ಸಾಕೇತ್ ಗರಾಜಿನಲ್ಲಿ ಒದ್ದೆ ಪಂಚೆ ಒಣಹಾಕುತ್ತಿದ್ದಾಗ ಫೋನು ಬಂತು. ಫ್ಯೂನರಲ್ ಹೋಮಿನ ಮ್ಯಾನೇಜರ್. ಆತ ತುಂಬ ಮರ್ಯಾದೆಯಿಂದ, ತುಂಬ ಸಂಕಟದಿಂದ ಮಾತಾಡಿದ. ನೀವೆಲ್ಲ ಹೋದ ಮೇಲೆ ನೋಡಿದರೆ ಬರ್ನರ್ ಹೊತ್ತಿಕೊಂಡೇ ಇಲ್ಲ. ಯಂತ್ರ ತಾನಾಗಿ ನಿಂತುಬಿಟ್ಟಿದೆ. ಪೆಟ್ಟಿಗೆಗೆ, ಒಳಗಿರುವವರಿಗೆ ಏನೂ ಆಗಿಲ್ಲ, ವಾಪಸ್ ತಂದು ಕೋಲ್ಡ್ ರೂಮಿನಲ್ಲಿ ಮಲಗಿಸಿದ್ದೇವೆ. ರಿಪೇರಿಯವನು ಬೆಳಿಗ್ಗೆ ಬರುತ್ತಾನೆ, ಒಂಬತ್ತಕ್ಕೆ ಮುಗಿಸಿಬಿಡುತ್ತೇವೆ. ಕ್ಷಮಿಸಬೇಕು.

"ನಾಳೆ," ಎಂದ ಸಾಕೇತ್.

"ನಾಳೆ, ಶನಿವಾರ. ಮನೆಯವರು ಯಾರಾದರೂ ಇನ್ನೊಮ್ಮೆ ನೋಡಬೇಕೆಂದರೆ ದಯವಿಟ್ಟು ಬನ್ನಿ. ನಾನು ಇವತ್ತು ರಾತ್ರಿ ಎಂಟು ಗಂಟೆಯವರೆಗೆ ಇಲ್ಲೇ ಇರುತ್ತೇನೆ. ಇದು ನಮ್ಮ ಕಡೆಯ ತಪ್ಪು."

ಇಂಥ ಭಾಗ್ಯ ಯಾರಿಗೆ ಸಿಗುತ್ತದೆ? ಕೊಟ್ಟ ಮಾತನ್ನು ಮುರಿದವನಿಗೆ ಆ ಮಾತನ್ನೇ ಯಾರೋ ಎತ್ತಿ ತಂದು ವಾಪಸ್ ಕೈಗಿಟ್ಟಿದ್ದರು. ಶನಿವಾರವೂ ಇತ್ತು, ಹೆಣವೂ ಇತ್ತು, ಅಕ್ಕ ದಾರಿಯಲ್ಲಿದ್ದಳು.

"ಯಾರದೋ ಫೋನು?" ಒಳಗಿನಿಂದ ಕೌಸಲ್ಯಾ ಕೇಳಿದರು.

"ಆಫೀಸಿಂದು ಅಮ್ಮ," ಎಂದ.

ಆಮೇಲೆ ಫೋನಿಗೆ, ತಗ್ಗಿದ ದನಿಯಲ್ಲಿ, "ಯಾರೂ ಬರುವುದಿಲ್ಲ. ನೀವೇ ಮುಗಿಸಿ," ಎಂದ. ಅಮ್ಮನಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾರೆ ಎಂದುಕೊಂಡ. ಅಕೋಸುವಾಗೆ ಇದನ್ನು ಹೇಳಬೇಕಾದರೆ ಬುಧವಾರದಿಂದ ಶುರು ಮಾಡಿ ಎಲ್ಲವನ್ನೂ ಹೇಳಬೇಕಾಗುತ್ತದೆ ಎಂದೂ ಅಂದುಕೊಂಡ. ಎರಡನೆಯದೇ ನಿಜವಾದ ಕಾರಣ.

*

ಅಕೋಸುವಾ ಬಂದಾಗ ಬೆಳಕು ಇಳಿಯುತ್ತಿತ್ತು. ಗೋದಾಮಿನ ಕಿತ್ತಳೆ ಬಣ್ಣದ ವೆಸ್ಟ್ ಮೈಮೇಲೇ ಇತ್ತು. ಅರವತ್ತರ ಹತ್ತಿರದ ಭಾರೀ ಹೆಂಗಸು, ಕಾರಿನಿಂದ ಇಳಿದವಳು ಬಾಗಿಲು ಮುಚ್ಚುವುದನ್ನೂ ಮರೆತು ಡ್ರೈವ್‌ವೇ ದಾಟಿ ಬಂದಳು. ಆಶ್ರಿತಾ ಓಡಿ ಹೋಗಿ ಅವಳ ಎದೆಗೆ ಬಿದ್ದಳು.

"ಎಲ್ಲಿದ್ದಾಳೆ?" ಅಕೋಸುವಾ ಹುಡುಗಿಯ ತಲೆಯ ಮೇಲಿಂದ ಸಾಕೇತನನ್ನು ಇಂಗ್ಲಿಷಿನಲ್ಲಿ ಕೇಳಿದಳು.

"ಮುಗಿಯಿತು," ಎಂದ ಸಾಕೇತ್. "ಎರಡೂವರೆಗೆ. ಕ್ಷಮಿಸಿ ಸಿಸ್ಟರ್. ನನ್ನ ಕೈಯಲ್ಲಿರಲಿಲ್ಲ."

ಅವಳು ಅವನಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಗರಾಜಿನ ಮೆಟ್ಟಿಲ ಮೇಲೆ ಕೂತಳು. "ಬಟ್ಟೆ ತಂದಿದ್ದೀನಿ. ನಾನೇ ಉಡಿಸುತ್ತೇನೆ ಎಂದಿದ್ದೆ," ಎಂದಳು. "ನಮ್ಮಮ್ಮನಿಗೂ ನಾನೇ ಸ್ನಾನ ಮಾಡಿಸಿದ್ದು. ತಂಗಿ ಆಗ ಇಷ್ಟೇ ಇದ್ದಳು, ನೀರು ಹೊಯ್ಯಲು ಚೊಂಬು ಹಿಡಿದು ನಿಂತಿದ್ದಳು."

ಕೌಸಲ್ಯಾ ಬಾಗಿಲವರೆಗೆ ಬಂದು, ವಾಕರ್ ಹಿಡಿದು ನಿಂತು, "ಕಾಫಿ ಕೊಡು ಅವರಿಗೆ. ದೂರದಿಂದ ಬಂದಿದ್ದಾರೆ," ಎಂದು ಒಳಗೆ ಹೋದರು. ಅಷ್ಟು ಮಾಡಿದ್ದಕ್ಕೆ ಅವರಿಗೆ ತಮ್ಮ ಬಗ್ಗೆ ಸಮಾಧಾನವೇ ಆಗಿರಬೇಕು. ಪೇಪರ್ ಕಪ್ಪಿನ ಕಾಫಿ ಮೆಟ್ಟಿಲ ಮೇಲೆ ತಣ್ಣಗಾಯಿತು.

"ಕಳಿಸುವಾಗ ಹೆಸರು ಹಿಡಿದು ಕರೆದಿರಾ?" ಎಂದು ಅಕೋಸುವಾ ಕೇಳಿದಳು.

ಆಶ್ರಿತಾ ಇಲ್ಲವೆಂದು ತಲೆಯಲ್ಲಾಡಿಸಿದಳು.

"ಹಾಗಾದರೆ ಆ ಜಾಗ ತೋರಿಸು. ಬಸ್ಸಿನವರಿಗೆ ಬರಬೇಡಿ ಎಂದು ಹೇಳಿ ಬಂದಿದ್ದೀನಿ. ನಾನೊಬ್ಬಳೇ ಅವಳ ಹೆಸರು ಕರೆದು ಹೋಗುತ್ತೇನೆ."

ಬೇಡ ಎನ್ನಲು ಅವನಿಗೆ ನೆವ ಹೊಳೆಯಲಿಲ್ಲ. ಅವಳ ಕಾರಿನಲ್ಲೇ ಹೋದರು. ಆಶ್ರಿತಾ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಹತ್ತಿ ಕೂತಿದ್ದಳು. ದಾರಿಯುದ್ದಕ್ಕೂ ಸಾಕೇತ್ ಎಡಕ್ಕೆ, ಬಲಕ್ಕೆ ಎನ್ನುತ್ತ ಹೋದ.

ಪಾರ್ಕಿಂಗ್ ಲಾಟ್ ಖಾಲಿಯಿತ್ತು, ಮೂಲೆಯಲ್ಲಿ ಒಂದೇ ಕಾರು. ನಾಲ್ಕೈದು ಡಿಗ್ರಿಯ ಚಳಿ. ಸಾಕೇತ್ ಅವರನ್ನು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋಗಿ ಇಟ್ಟಿಗೆ ಗೋಡೆ ತೋರಿಸಿದ. "ಇದರ ಒಳಗೆ," ಎಂದ. ಅಷ್ಟು ಮಟ್ಟಿಗೆ ಅದು ನಿಜವೇ ಆಗಿತ್ತು.

ಅಕೋಸುವಾ ನೀರಿನ ಬಾಟಲಿ ಬಿಚ್ಚಿ, ಸ್ವಲ್ಪ ಸ್ವಲ್ಪವೇ ನೆಲಕ್ಕೆ ಹೊಯ್ಯುತ್ತ, ತನ್ನ ಭಾಷೆಯಲ್ಲಿ ಮೆಲ್ಲನೆ ಮಾತಾಡಿದಳು. ನಡುನಡುವೆ ಕೇಳಿಸುತ್ತಿದ್ದುದು ಒಂದೇ ಮಾತು, ಆಮಾ. ಅವಳು ಪ್ರತಿ ಸಲ ಕರೆದಾಗಲೂ ಆಶ್ರಿತಾ ಕೂಡ ಕರೆದಳು. ಮಗಳ ಬಾಯಲ್ಲಿ ಅಮ್ಮನ ಹೆಸರು ಅದೇ ಮೊದಲು.

ಮೇಲಿನ ಕಿಟಕಿಯಲ್ಲಿ ದೀಪವಿತ್ತು. ಅಕೋಸುವಾ ತಲೆಯೆತ್ತಿ ನೋಡಿದಳು.

"ಒಳಗೆ ಯಾರೋ ಇದ್ದಾರೆ. ಬಾಗಿಲು ತಟ್ಟಲಾ? ಕೊನೆಗೆ ಅವಳನ್ನು ನೋಡಿದವರು ಇರಬಹುದು. ಮುಖ ಹೇಗಿತ್ತು ಎಂದಾದರೂ ಕೇಳುತ್ತೇನೆ."

"ಕ್ಲೀನ್ ಮಾಡೋರು ಇರ್ತಾರೆ," ಎಂದ ಸಾಕೇತ್. "ಅವರಿಗೇನು ಗೊತ್ತು."

ಅವಳು ಹೂಂ ಎಂದಳು. ಗೋಡೆಯ ಹತ್ತಿರ ಹೋಗಿ, ಎರಡೂ ಅಂಗೈಗಳನ್ನು ಇಟ್ಟಿಗೆಗೆ ಒತ್ತಿ ನಿಂತಳು. ಆಮೇಲೆ ಕೆನ್ನೆಯನ್ನೂ ಇಟ್ಟಳು. ಒಳಗಿನಿಂದ ಯಾವುದೋ ಮೋಟಾರು ಸಣ್ಣಗೆ ಓಡುವ ಸದ್ದು ಬರುತ್ತಿತ್ತು.

"ಬೆಚ್ಚಗಿರುತ್ತದೆ ಅಂದುಕೊಂಡಿದ್ದೆ," ಎಂದಳು. "ಎರಡೂವರೆಗೆ ಅಂದೆಯಲ್ಲ. ಇಷ್ಟು ಬೇಗ ತಣ್ಣಗಾಗುತ್ತದಾ?"

"ಹೊರಗೆ ಚಳಿ ಅಲ್ವಾ," ಎಂದ ಸಾಕೇತ್.

ಆಶ್ರಿತಾ ಕೂಡ ಹೋಗಿ ದೊಡ್ಡಮ್ಮನ ಪಕ್ಕದಲ್ಲಿ ಗೋಡೆಗೆ ಕೈಯಿಟ್ಟಳು. ಎಂಟಾಯಿತು. ಮೇಲಿನ ದೀಪ ಆರಿತು, ಮುಂದುಗಡೆ ಯಾರೋ ಬಾಗಿಲು ಹಾಕಿ ಬೀಗ ತಿರುಗಿಸಿದರು, ಮೂಲೆಯ ಕಾರು ಹೊರಟುಹೋಯಿತು. ಅವರಿಬ್ಬರೂ ಗೋಡೆಯಿಂದ ಕೈ ತೆಗೆದಿರಲಿಲ್ಲ.